ತಲೆಯೊಳಗಣ ಕ್ರಿಮಿ: ಅದರ ನಿದಾನ

ಕಳೆದ ವರ್ಷದ ಆಷಾಢಮಾಸದಲ್ಲಿ ಒಂದು ದಿನ, ದೀಪ ಹಚ್ಚುವ ಹೊತ್ತಿಗೆ, ನಮ್ಮ ಹಳೆಯ ಶಿಷ್ಯನೊಬ್ಬನು ದೊಡ್ಡದೊಂದು ಕಾಗದದ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬಂದನು. ಈತನು ವೈಟ್‌ಫೀಲ್ಡಿನ ಮಗ್ಗುಲಿನ ಕಾಡುಗೋಡಿಯಲ್ಲಿ ದಿನಸಿ ಅಂಗಡಿಯನ್ನಿಟ್ಟುಕೊಂಡಿರುವವನು. ಮೂವತ್ತು ವರ್ಷಗಳ ಹಿಂದೆ ನಮ್ಮಲ್ಲಿ ರಾಮಶಬ್ದವನ್ನು ಕಲಿಯಲು ಬಹಳ ಕಷ್ಟಪಟ್ಟವನು. ಚೀಲದಲ್ಲಿದ್ದುದು ಅವನ ಮಗನ ತಲೆಯ ಚಿತ್ರ. "ಮೇಷ್ಟ್ರೇ, ಇದರಲ್ಲಿ ಏನಿದೆ ಅಂತ ನೀವಾದರೂ ಬಿಡಿಸಿ ಹೇಳಬೇಕು. ಬರೆದಿರೋದು ಇಂಗ್ಲಿಷು. ಬಾಯಲ್ಲಿ ಹೇಳಿದ್ದು ಕೇಳಿದ ಮೇಲೆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಿಲ್ಲ" ಎಂದನು.

ಕಳೆದ ಸಂಚಿಕೆಯಲ್ಲಿ ತಾಮ್ರದ ಪಾತ್ರೆಗಳ ವಿಚಾರವನ್ನು ಬರೆದು, ಮುಂದೆ ಉಪ್ಪಿನಕಾಯಿಯ ವಿಚಾರವನ್ನು ತೆಗೆದುಕೊಳ್ಳುವೆವೆಂದು ಮಾತು ಕೊಟ್ಟಿದ್ದೆವು. ವಾಚಕರು ಕ್ಷಮಿಸಬೇಕು, ಉಪ್ಪಿನಕಾಯಿ ಒಂದು ತಿಂಗಳು ಹೆಚ್ಚಾಗಿ ನೆನೆದರೆ ಕೆಡುವುದಿಲ್ಲ. ಈ ಹುಡುಗನ ಸಂಗತಿಯನ್ನು ಬರೆಯಲು ಈಗ ಅವನದೇ ಒಪ್ಪಿಗೆ ದೊರೆತಿರುವುದರಿಂದ ಅದನ್ನು ಮೊದಲು ಹೇಳುವೆವು.

ಹುಡುಗನಿಗೆ ಇಪ್ಪತ್ತೆರಡು ವರ್ಷ. ಡಿಪ್ಲೊಮಾ ಮುಗಿಸಿ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಕೆಲಸಕ್ಕೆ ಸೇರಿದ್ದನು. ಕಾಡುಗೋಡಿಯು ಬೆಂಗಳೂರಿನ ಮೂಡಣ ಅಂಚು, ಪೀಣ್ಯವು ವಾಯವ್ಯದ ಅಂಚು. ದಿನವೂ ಹೋಗಿಬರುವುದು ಆಗದ ಮಾತಾದುದರಿಂದ ದಾಸರಹಳ್ಳಿಯಲ್ಲಿ ಐವರು ಹುಡುಗರು ಕೂಡಿ ಒಂದು ಕೊಠಡಿಯನ್ನು ಬಾಡಿಗೆಗೆ ಹಿಡಿದಿದ್ದರು. ಬೆಳಗಿನ ಪಾಳಿಯಲ್ಲಿ ಯಂತ್ರದ ಮುಂದೆ ನಿಂತಿದ್ದಾಗ ಅವನ ಬಲಗೈ ತಾನೇ ತಾನಾಗಿ ಅದುರತೊಡಗಿತು. ಬಾಯಿ ಬಲಕ್ಕೆ ಸೊಟ್ಟಗಾಯಿತು. ಮರುಕ್ಷಣದಲ್ಲಿ ಕೆಳಗೆ ಬಿದ್ದು ಒದ್ದಾಡಿದನು. ಯಂತ್ರದ ಮೇಲೆ ಬೀಳದೆ ಹಿಂದಕ್ಕೆ ಬಿದ್ದುದು ಅವನ ಪುಣ್ಯ. ಜೊತೆಯವರು ಬೀಗದ ಕೈಗೊಂಚಲನ್ನು ಅವನ ಅಂಗೈಗೆ ತುರುಕಿದರು. ಒಬ್ಬನು ಹಲ್ಲಿನ ನಡುವೆ ಚಮಚವನ್ನಿಡಲು ಹೋಗಿ ತುಟಿಯನ್ನು ಗಾಯಗೊಳಿಸಿದನು. ಎರಡು ಮೂರು ನಿಮಿಷಗಳಲ್ಲಿ ಎಲ್ಲವೂ ನಿಂತು, ಹುಡುಗನು ಗಾಢನಿದ್ರೆಗೆ ಹೋದನು. ಆ ದಿನವೇ ಸ್ಕ್ಯಾನ್ ಮಾಡಿಸಿದರು. ಮೆದುಳಿನ ಎಡಭಾಗದಲ್ಲಿ ಬಳೆಯಂತೆ ಹೊಳೆಯುವ ಒಂದೇ ಒಂದು ಚುಕ್ಕೆ, ಹನ್ನೆರಡು ಮಿಲಿಮೀಟರಿನಷ್ಟು, ಸುತ್ತಲೂ ಸ್ವಲ್ಪ ಬಾವು. ಲಾಡಿಹುಳುವಿನ ಮರಿಕೋಶವಿರಬಹುದು, ಕ್ಷಯದ ಗಂಟೂ ಆಗಿರಬಹುದು ಎಂದು ವರದಿಯಲ್ಲಿತ್ತು. ಕಾಗದವನ್ನು ಕೈಗೆ ಕೊಟ್ಟವರು ಯಾರೋ ಅದಕ್ಕೆ ಟೀಕೆಯನ್ನೂ ಹೇಳಿದರಂತೆ: "ಹಂದಿ ತಿಂದರೆ ಬರೋ ಹುಳು."

ಆ ಮನೆಯಲ್ಲಿ ಕೋಳಿಮೊಟ್ಟೆಯನ್ನು ಸಹ ಒಳಕ್ಕೆ ತರುವುದಿಲ್ಲ. ತಾಯಿಗೆ ಮಗನ ರೋಗಕ್ಕಿಂತ ಈ ಮಾತೇ ಹೆಚ್ಚಿನ ಆಘಾತವಾಯಿತು. ತಂದೆಯು ಮಗನನ್ನು ಎದುರಿಗೆ ನಿಲ್ಲಿಸಿಕೊಂಡು, ತಿಂದೆಯೋ ಇಲ್ಲವೋ ಎಂದು ಕೇಳಿದನು. ಹುಡುಗನು ನೆಲವನ್ನು ನೋಡುತ್ತ ಸುಮ್ಮನಿದ್ದನು. ನಾವಾದರೂ ಬೇರೆ ಏನನ್ನಾದರೂ ಕೇಳಿದೆವೋ? ನಾಚಿಕೆಯಿಂದ ಹೇಳಬೇಕಾಗಿದೆ: ಮರುದಿನ ಅವನನ್ನು ನೋಡಲು ಹೋದಾಗ ನಾವೂ, ನಲವತ್ತರ ಹತ್ತಿರ ವರ್ಷ ಪಾಠ ಹೇಳಿದ ನಾವೂ, ಮೊದಲು ಕೇಳಿದ್ದು ಅದನ್ನೇ. ಅದು ಅವನ ಚಿಕಿತ್ಸೆಗೆ ಬೇಕಾದ ಪ್ರಶ್ನೆಯೇ ಆಗಿರಲಿಲ್ಲವೆಂಬುದು ಆಮೇಲೆ ತಿಳಿಯಿತು.

ನಿದಾನವೆಂಬ ಶಬ್ದವನ್ನು ನಾವು ಕನ್ನಡದಲ್ಲಿ 'ಮೆಲ್ಲಗೆ' ಎಂಬರ್ಥದಲ್ಲಿ ಬಳಸುತ್ತೇವೆ. ವೈದ್ಯಶಾಸ್ತ್ರದಲ್ಲಿ ಅದಕ್ಕೆ ಮೂಲಕಾರಣವೆಂದೂ, ರೋಗವನ್ನು ಗೊತ್ತುಮಾಡುವ ಕ್ರಮವೆಂದೂ ಅರ್ಥ. ಈ ಒಂದು ರೋಗದ ಮಟ್ಟಿಗೆ ಎರಡರ್ಥಗಳೂ ಕೂಡಿಬಂದಿವೆ. ಪ್ರಾಚೀನರು ನಿದಾನಕ್ಕೆ ಐದು ಅಂಗಗಳನ್ನು ಹೇಳಿದರು: ಕಾರಣ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಚರಕಸಂಹಿತೆಯು ಇಪ್ಪತ್ತು ಬಗೆಯ ಕ್ರಿಮಿಗಳನ್ನು ಎಣಿಸುತ್ತದೆ. ಶಿರೋರೋಗಗಳ ಐದು ಭೇದಗಳಲ್ಲಿ ಕ್ರಿಮಿಜವೂ ಒಂದು. ಇದನ್ನು ತೋರಿಸಿ, ಈಗಿನವರು ಕಂಡುಹಿಡಿದುದೆಲ್ಲ ನಮ್ಮ ಗ್ರಂಥಗಳಲ್ಲಿ ಆಗಲೇ ಇತ್ತೆಂದು ಎದೆ ತಟ್ಟಿಕೊಳ್ಳುವ ಸ್ನೇಹಿತರು ನಮಗಿದ್ದಾರೆ. ನಮ್ಮ ಮನಸ್ಸು ಅದಕ್ಕೆ ಒಪ್ಪದು. ತಲೆಬುರುಡೆಯನ್ನು ತೆರೆಯದೆ ಒಳಗಣ ಚುಕ್ಕೆಯನ್ನು ಕಾಣುವ ಉಪಾಯವು ಅವರಿಗಿರಲಿಲ್ಲ. ಆದರೆ ಒಂದೇ ಲಕ್ಷಣವನ್ನು ಹಿಡಿದು ರೋಗದ ಹೆಸರನ್ನು ಹೇಳಬಾರದು, ಐದನ್ನೂ ಕೂಡಿಸಿ ನೋಡಬೇಕು ಎಂಬ ಅವರ ವಿವೇಕವು ಈ ರೋಗದಲ್ಲಿ ಇಂದಿಗೂ ಸಲ್ಲುವುದು.

ಮೊದಲು ಸಂಪ್ರಾಪ್ತಿ, ಎಂದರೆ ರೋಗವು ದೇಹವನ್ನು ಸೇರುವ ದಾರಿ. ಇಲ್ಲಿ ಎರಡು ದಾರಿಗಳಿವೆ, ಜನರು ಎರಡನ್ನೂ ಒಂದಾಗಿ ಕಲಸಿಕೊಂಡಿದ್ದಾರೆ. ಈ ಜಾತಿಯ ಲಾಡಿಹುಳುವಿನ ಮರಿಯು ಹಂದಿಯ ಮಾಂಸದಲ್ಲಿ ಸಣ್ಣ ಬಿಳಿಯ ನೀರ್ಗುಳ್ಳೆಯಾಗಿ ಕುಳಿತಿರುತ್ತದೆ. ಆ ಮಾಂಸವನ್ನು ಅರೆಬೇಯಿಸಿ ತಿಂದವನ ಕರುಳಿನಲ್ಲಿ ಅದು ಹುಳುವಾಗಿ ಬೆಳೆದು ಎರಡರಿಂದ ಏಳು ಮೀಟರು ಉದ್ದವಾಗುತ್ತದೆ. ಕರುಳಿನ ಹುಳುವಿನಿಂದ ಬಹುಮಂದಿಗೆ ಹೆಚ್ಚಿನ ತೊಂದರೆಯೇ ತೋರುವುದಿಲ್ಲ. ೧೮೫೫ರ ಸುಮಾರಿನಲ್ಲಿ ಕ್ಯೂಖೆನ್‌ಮೈಸ್ಟರ್ ಎಂಬ ಜರ್ಮನ್ ವೈದ್ಯನು ಮರಣದಂಡನೆಗೆ ಗುರಿಯಾದ ಕೈದಿಗೆ ಇಂಥ ಗುಳ್ಳೆಗಳನ್ನು ಆಹಾರದಲ್ಲಿ ಬೆರಸಿ ತಿನ್ನಿಸಿ, ದಂಡನೆಯ ತರುವಾಯ ಅವನ ಕರುಳಿನಲ್ಲಿ ಎಳೆಯ ಲಾಡಿಹುಳುಗಳನ್ನು ಕಂಡು ಈ ಸಂಬಂಧವನ್ನು ಸಾಧಿಸಿದನು. ಕೆಲಸವು ಅಸಹ್ಯವಾದುದು, ಅದರಿಂದ ತಿಳಿದುದು ಮಾತ್ರ ಸತ್ಯ.

ಎರಡನೆಯ ದಾರಿ ಬೇರೆ. ಕರುಳಿನ ಹುಳುವಿನ ತುಂಡುಗಳು ಆ ಮನುಷ್ಯನ ಮಲದೊಡನೆ ಹೊರಬೀಳುತ್ತವೆ. ಒಂದೊಂದು ತುಂಡಿನಲ್ಲಿ ೫೦,೦೦೦ದವರೆಗೆ ಮೊಟ್ಟೆಗಳಿರಬಹುದು. ಕಣ್ಣಿಗೆ ಕಾಣದ ಈ ಮೊಟ್ಟೆಯು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ. ತೊಳೆಯದ ಕೈಯಿಂದಲೋ, ನೀರಿನಿಂದಲೋ, ಹಸಿಯ ಸೊಪ್ಪಿನಿಂದಲೋ ಇನ್ನೊಬ್ಬರ ಬಾಯನ್ನು ಸೇರುತ್ತದೆ. ಹೊಟ್ಟೆಯಲ್ಲಿ ಮೊಟ್ಟೆಯೊಡೆದು, ಮರಿಯು ರಕ್ತದೊಡನೆ ಹರಿದು, ಮಾಂಸಖಂಡದಲ್ಲಿಯೋ ಕಣ್ಣಿನಲ್ಲಿಯೋ ಮೆದುಳಿನಲ್ಲಿಯೋ ಗುಳ್ಳೆಗಟ್ಟಿ ಕುಳಿತುಬಿಡುತ್ತದೆ. ಹಂದಿಯು ಪಡುವ ಪಾಡನ್ನೇ ಮನುಷ್ಯನು ಪಡುತ್ತಾನೆಂದರೆ ಸಾಕು. ಆದುದರಿಂದ ಮೆದುಳಿನ ಗುಳ್ಳೆಯು ಬರುವುದು ಹಂದಿಮಾಂಸದಿಂದಲ್ಲ, ಮನುಷ್ಯಮಲದಿಂದ. ಹಂದಿಮಾಂಸವನ್ನು ತಿಂದು ಕರುಳಿನಲ್ಲಿ ಹುಳುವನ್ನು ಸಾಕಿಕೊಂಡವನು ತನ್ನ ಕೈಯಿಂದಲೇ ತನಗೂ ಮೊಟ್ಟೆಯನ್ನು ತಂದುಕೊಳ್ಳಬಹುದು ನಿಜ. ಆದರೆ ಹುಟ್ಟಿದಂದಿನಿಂದ ಸಸ್ಯಾಹಾರಿಯಾದವನಿಗೂ ಅದು ಬರಬಹುದು, ಬರುತ್ತಲೂ ಇದೆ. ೧೯೯೨ರಲ್ಲಿ ನ್ಯೂಯಾರ್ಕ್ ನಗರದ ನಾಲ್ವರು ಯೆಹೂದ್ಯರ ಸಂಗತಿಯು ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಧರ್ಮನಿಷ್ಠರಾದ ಅವರು ಹಂದಿಮಾಂಸವನ್ನು ಮುಟ್ಟುವವರೇ ಅಲ್ಲ. ಆದರೂ ಮೆದುಳಿನಲ್ಲಿ ಇದೇ ಗುಳ್ಳೆ. ಈ ಹುಳು ಹೆಚ್ಚಾಗಿರುವ ದೇಶಗಳಿಂದ ಬಂದಿದ್ದ ಮನೆಗೆಲಸದವರ ಮೂಲಕ ಅದು ಬಂದಿರಬೇಕೆಂದು ಪರಿಶೀಲಿಸಿದವರು ಕಂಡುಕೊಂಡರು.

ಈ ಸಂಗತಿಯನ್ನು ನಾವು ಕಾಡುಗೋಡಿಯ ಮನೆಯಲ್ಲಿ ಕುಳಿತು ಹೇಳಿದಾಗ, ತಾಯಿಯು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಎಲೆಕೋಸು?" ಎಂದು ಕೇಳಿದಳು. ಎಲೆಕೋಸಿನ ಹುಳು ಮೂಗಿನಿಂದಲೋ ಕಿವಿಯಿಂದಲೋ ತಲೆಗೇರುವುದೆಂದು ನಂಬಿ ಆ ತರಕಾರಿಯನ್ನೇ ಬಿಟ್ಟ ಮನೆಗಳನ್ನು ನಾವು ಅನೇಕ ಕಂಡಿದ್ದೇವೆ. ಎಲೆಕೋಸಿನಲ್ಲಿಯೂ ಹೂಕೋಸಿನಲ್ಲಿಯೂ ಕಾಣುವ ಹಸಿರು ಹುಳು ಪತಂಗದ ಮರಿ; ಅದು ಮನುಷ್ಯನ ಮೆದುಳಿಗೆ ಹೋಗಲಾರದು. ಕಾಣುವ ಹುಳುವಿಗೆ ಹೆದರಿ, ಕಾಣದ ಮೊಟ್ಟೆಯಿರಬಹುದಾದ ಕೊತ್ತಂಬರಿಸೊಪ್ಪನ್ನು ಸರಿಯಾಗಿ ತೊಳೆಯದೆ ಕೋಸಂಬರಿಯ ಮೇಲೆ ಉದುರಿಸುವುದು ನಮ್ಮ ಪದ್ಧತಿ. ಬೇಯಿಸಿದ ಎಲೆಕೋಸಿನಿಂದ ಯಾವ ಭಯವೂ ಇಲ್ಲ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್ಟು ಇವನ್ನು ಹರಿಯುವ ನೀರಿನಲ್ಲಿ ಎಲೆಯೆಲೆಯಾಗಿ ಬಿಡಿಸಿ ತೊಳೆಯತಕ್ಕದ್ದು.

ಹುಳು ಮೆದುಳನ್ನು ತಿನ್ನುತ್ತದೆ, ಅದಕ್ಕಾಗಿ ಮೂರ್ಛೆ ಬರುತ್ತದೆ ಎಂಬುದು ಇನ್ನೊಂದು ತಪ್ಪು. ಅದು ತಿನ್ನುವುದಿಲ್ಲ. ಬದುಕಿರುವಷ್ಟು ಕಾಲವೂ ಗುಳ್ಳೆಯು ದೇಹದ ರಕ್ಷಕಶಕ್ತಿಯ ಕಣ್ಣನ್ನು ತಪ್ಪಿಸಿಕೊಂಡು, ಎಷ್ಟೋ ಸಲ ವರ್ಷಗಟ್ಟಲೆ, ತೆಪ್ಪಗಿರುತ್ತದೆ. ಅದು ಸಾಯಲಾರಂಭಿಸಿದಾಗ ಆ ಮರೆಯು ಹರಿದು, ದೇಹವು ಶತ್ರುವನ್ನು ಗುರುತಿಸಿ ಮೇಲೆ ಬೀಳುತ್ತದೆ. ಸುತ್ತಲೂ ಬಾವು ಏಳುತ್ತದೆ. ಆ ಬಾವೇ ಬಹುಮಟ್ಟಿಗೆ ಮೂರ್ಛೆಗೆ ಕಾರಣ. ಮೂರ್ಛೆ ಬಂದ ದಿನವು ಎಷ್ಟೋ ಜನರಲ್ಲಿ ಹುಳುವಿನ ಅಂತ್ಯಕಾಲದ ದಿನ. ಸತ್ತ ಗುಳ್ಳೆಯು ಕ್ರಮೇಣ ಕರಗಿ ಹೋಗಬಹುದು, ಇಲ್ಲವೆ ಸುಣ್ಣಗಟ್ಟಿ ಸಣ್ಣ ಕಲ್ಲಿನ ಹರಳಿನಂತೆ ಉಳಿಯಬಹುದು.

ಹೀಗೆ ಕಾರಣಕ್ಕೂ ಕಾರ್ಯಕ್ಕೂ ನಡುವೆ ವರ್ಷಗಳ ಅಂತರವಿರುವುದರಿಂದಲೇ ಹಿಂದೆ ಇದನ್ನು ಗುರುತಿಸುವುದು ಕಷ್ಟವಾಗಿತ್ತು. ೧೯೩೦ರ ದಶಕದಲ್ಲಿ ಬ್ರಿಟಿಷ್ ಸೈನ್ಯದ ವೈದ್ಯನಾದ ಮ್ಯಾಕಾರ್ಥರ್ ಎಂಬಾತನು, ಇಂಡಿಯಾದಲ್ಲಿ ಸೇವೆ ಸಲ್ಲಿಸಿ ಸ್ವದೇಶಕ್ಕೆ ಮರಳಿದ ಸಿಪಾಯಿಗಳಲ್ಲಿ ಮೂರ್ಛೆರೋಗವು ಹೊಸದಾಗಿ ತೋರುವುದನ್ನು ಗಮನಿಸಿ, ಅದಕ್ಕೆ ಈ ಕ್ರಿಮಿಯೇ ಕಾರಣವೆಂದು ಎತ್ತಿ ತೋರಿಸಿದನು. ಡಿಕ್ಸನ್ ಮತ್ತು ಲಿಪ್ಸ್‌ಕಂಬ್ ಎಂಬವರು ಅಂಥ ೪೫೦ ರೋಗಿಗಳ ಚರಿತ್ರೆಯನ್ನು ೧೯೬೧ರಲ್ಲಿ ಪ್ರಕಟಿಸಿದರು. ಸೋಂಕಿಗೂ ಮೊದಲ ಮೂರ್ಛೆಗೂ ನಡುವೆ ಸರಾಸರಿಯಲ್ಲಿ ಐದು ವರ್ಷಗಳಷ್ಟು, ಕೆಲವರಲ್ಲಿ ಅದಕ್ಕಿಂತ ಬಹಳ ಹೆಚ್ಚು ಕಾಲ ಕಳೆದಿತ್ತು. ಆಗ ಮೆದುಳನ್ನು ಕಾಣುವ ಉಪಾಯವಿಲ್ಲ. ಚರ್ಮದ ಕೆಳಗೆ ಕೈಗೆ ಸಿಕ್ಕುವ ಗಂಟು, ಎಕ್ಸ್-ರೇಯಲ್ಲಿ ತೊಡೆಯ ಮಾಂಸದೊಳಗೆ ಅಕ್ಕಿಕಾಳಿನಾಕಾರದ ಸುಣ್ಣದ ಗುರುತುಗಳು, ಇವುಗಳಿಂದ ಊಹಿಸಬೇಕಾಗಿತ್ತು. ೧೯೭೧ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು ಮೊದಲ ರೋಗಿಯ ತಲೆಯನ್ನು ಚಿತ್ರಿಸಿದ ಮೇಲೆ ಮರೆಯು ಸರಿಯಿತು. ಆದರೆ ಮರೆ ಸರಿದೊಡನೆ ಇನ್ನೊಂದು ತೊಡಕು ಹುಟ್ಟಿತು. ನಮ್ಮ ಹುಡುಗನ ವರದಿಯಲ್ಲಿದ್ದ 'ಇರಬಹುದು, ಆಗಿರಬಹುದು' ಎಂಬುದರ ಮೂಲವು ಅಲ್ಲಿದೆ. ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವೆವು.

ಚಿತ್ರದಲ್ಲಿ ಗುಳ್ಳೆಯೂ ಅದರೊಳಗೆ ಹುಳುವಿನ ತಲೆಯ ಚುಕ್ಕೆಯೂ ಸ್ಪಷ್ಟವಾಗಿ ಕಂಡರೆ ವಾದವೇ ಇಲ್ಲ. ತೂತಿನೊಳಗೊಂದು ಬೊಟ್ಟಿಟ್ಟಂತೆ ತೋರುವ ಆ ಗುರುತು ಬೇರೆ ಯಾವ ರೋಗದಲ್ಲಿಯೂ ಹಾಗೆ ಕಾಣದು. ಆದರೆ ನಮ್ಮ ದೇಶದಲ್ಲಿ ಬಹುಮಂದಿ ರೋಗಿಗಳಲ್ಲಿ ಕಾಣುವುದು ಗುಳ್ಳೆಯಲ್ಲ, ಹೊಳೆಯುವ ಒಂದು ಸಣ್ಣ ಬಳೆ ಮಾತ್ರ. ಕ್ಷಯದ ಗಂಟೂ ಹಾಗೆಯೇ ಹೊಳೆಯುತ್ತದೆ. ನಮ್ಮ ನಾಡಿನಲ್ಲಿ ಕ್ಷಯಕ್ಕೆ ಬರವಿಲ್ಲವಾದುದರಿಂದ, ಮೊದಮೊದಲು ವೈದ್ಯರು ಇಂಥವನ್ನೆಲ್ಲ ಕ್ಷಯವೆಂದೇ ಭಾವಿಸಿ ತಿಂಗಳುಗಟ್ಟಲೆ ಕ್ಷಯದ ಔಷಧವನ್ನು ಕೊಟ್ಟರು. ಚುಕ್ಕೆಯು ಮಾಯವಾಯಿತು, ಔಷಧವು ಗುಣ ಕೊಟ್ಟಿತೆಂದು ಎಲ್ಲರೂ ಸಂತೋಷಪಟ್ಟರು. ಆದರೆ ಔಷಧವನ್ನು ಕೊಡದವರಲ್ಲಿಯೂ ಅದು ಮಾಯವಾಗುತ್ತಿದ್ದಿತು! ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಚಾಂಡಿ, ರಾಜಶೇಖರ್ ಮೊದಲಾದ ಶಸ್ತ್ರವೈದ್ಯರು ಇಂಥ ಕೆಲವು ಚುಕ್ಕೆಗಳನ್ನು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಅವುಗಳಲ್ಲಿ ಅನೇಕವು ಸಾಯುತ್ತಿರುವ ಲಾಡಿಹುಳುವಿನ ಮರಿಗಳೆಂದು ೧೯೮೯ರಿಂದ ಮುಂದಕ್ಕೆ ಪ್ರಕಟಪಡಿಸಿದರು. ಇಷ್ಟು ಮಾಡಿ ಅವರು ನಿಲ್ಲಲಿಲ್ಲ; ಮುಂದಿನವರ ತಲೆಯನ್ನು ತೆರೆಯದೆಯೇ ತಿಳಿಯಲು ಲಕ್ಷಣಗಳನ್ನು ಕಟ್ಟಿಕೊಟ್ಟರು. ಚುಕ್ಕೆಯು ಒಂದೇ ಆಗಿರಬೇಕು. ಇಪ್ಪತ್ತು ಮಿಲಿಮೀಟರಿಗಿಂತ ಕಿರಿದಾಗಿರಬೇಕು. ಬಾವು ಮೆದುಳಿನ ಮಧ್ಯರೇಖೆಯನ್ನು ತಳ್ಳುವಷ್ಟಿರಬಾರದು. ರೋಗವು ಮೂರ್ಛೆಯಿಂದಲೇ ಮೊದಲಾಗಿರಬೇಕು. ತಲೆಯೊಳಗೆ ಒತ್ತಡವು ಏರಿಯೇ ಇರುವ ಗುರುತಾಗಲಿ, ದಿನದಿನಕ್ಕೆ ಹೆಚ್ಚುವ ಕೈಕಾಲಿನ ದೌರ್ಬಲ್ಯವಾಗಲಿ, ದೇಹದಲ್ಲಿ ಬೇರೆಡೆ ಕ್ಷಯವಾಗಲಿ ಇರಬಾರದು. ಇಷ್ಟೂ ಕೂಡಿದರೆ ಅದು ಕ್ರಿಮಿಯೆಂದೇ ಬಹುಮಟ್ಟಿಗೆ ನಂಬಬಹುದು. ನಮ್ಮ ನೆರೆಯೂರಿನಲ್ಲಿ ನಡೆದ ಈ ಕೆಲಸದಿಂದ ಎಷ್ಟು ಜನ ಭಾರತೀಯರ ತಲೆಬುರುಡೆಗಳು ಶಸ್ತ್ರದಿಂದ ಉಳಿದುಕೊಂಡವೋ! ಪಾಠಪುಸ್ತಕಗಳಲ್ಲಿ ಹೌನ್ಸ್‌ಫೀಲ್ಡನ ಹೆಸರಿದೆ. ವೆಲ್ಲೂರಿನವರ ಹೆಸರನ್ನೂ ಸೇರಿಸಬೇಕೆಂದು ನಮ್ಮ ಅಭಿಪ್ರಾಯ.

ಕ್ಷಯವೆಂದು ತಪ್ಪು ತಿಳಿದರೆ ಬೇಡದ ಔಷಧ, ಕ್ರಿಮಿಯೆಂದು ತಪ್ಪು ತಿಳಿದರೆ ಕ್ಷಯವು ಒಳಗೊಳಗೆ ಬೆಳೆಯುವ ಅಪಾಯ. ಆದುದರಿಂದ ಸಂಶಯವಿರುವಲ್ಲಿ ವೈದ್ಯರು ಎದೆಯ ಚಿತ್ರವನ್ನೂ ಎಂ.ಆರ್.ಐ.ಯನ್ನೂ ಮಾಡಿಸುತ್ತಾರೆ. ಹುಳುವಿನ ತಲೆಯನ್ನು ಕಾಣಲು ಎಂ.ಆರ್.ಐ. ಮೇಲು, ಸುಣ್ಣದ ಹರಳನ್ನು ಕಾಣಲು ಸಿ.ಟಿ. ಮೇಲು, ಎರಡನ್ನೂ ಬರೆದುಕೊಟ್ಟರೆಂದು ಹಣ ಕೀಳುವವರೆಂದು ತಿಳಿಯಬಾರದು. ರಕ್ತಪರೀಕ್ಷೆಯ ಮೇಲೆ ಜನರಿಗೆ ಬಹಳ ಭರವಸೆ. ಗುಳ್ಳೆಗಳು ಅನೇಕವಿದ್ದರೆ ಒಳ್ಳೆಯ ರಕ್ತಪರೀಕ್ಷೆಯು ತಪ್ಪದು. ಒಂದೇ ಚುಕ್ಕೆಯಿರುವವರಲ್ಲಿ ಎಷ್ಟೋ ಸಲ ರೋಗವಿದ್ದರೂ ಇಲ್ಲವೆಂದೇ ಬರುವುದು. ನಮ್ಮ ಹುಡುಗನಿಗೂ ಇಲ್ಲವೆಂದೇ ಬಂದಿತು. ಅಂದು ಮನೆಯಲ್ಲಿ ಪಾಯಸ ಮಾಡಿದರು! ಈಕ್ವೆಡಾರ್ ದೇಶದ ಡೆಲ್ ಬ್ರುಟ್ಟೊ ಎಂಬ ವೈದ್ಯನೂ ಅವನ ಸಂಗಡಿಗರೂ ೧೯೯೬ರಲ್ಲಿ ಈ ರೋಗದ ನಿದಾನಕ್ಕೆ ಒಂದು ಕ್ರಮವನ್ನು ಏರ್ಪಡಿಸಿದರು. ೨೦೦೧ರಲ್ಲಿಯೂ ೨೦೧೭ರಲ್ಲಿಯೂ ಅದು ಪರಿಷ್ಕಾರವಾಯಿತು. ಚಿತ್ರ, ರಕ್ತ, ರೋಗಿಯ ಲಕ್ಷಣ, ಅವನಿದ್ದ ಊರು ಮನೆಗಳು, ಎಲ್ಲವನ್ನೂ ಅದರಲ್ಲಿ ತೂಗಿ ನೋಡಬೇಕು. ಚುಕ್ಕೆಯು ತಾನಾಗಿಯೇ ಆಗಲಿ ಔಷಧದಿಂದಾಗಲಿ ಕರಗಿತೆಂಬುದೂ ಅಲ್ಲಿ ಸಾಕ್ಷಿಯಾಗಿ ನಿಲ್ಲುತ್ತದೆ. ಇದನ್ನು ಓದಿದಾಗ ನಮಗೆ ಹಳೆಯವರ 'ಉಪಶಯ'ವೇ ನೆನಪಾಯಿತು. ಈ ರೋಗದಲ್ಲಿ ಕಾಲವೂ ಒಂದು ಪರೀಕ್ಷೆ. ಆರು ತಿಂಗಳಾದ ಮೇಲೆ ಇನ್ನೊಮ್ಮೆ ಚಿತ್ರ ತೆಗೆಸಿರೆಂದು ಹೇಳುವುದು ಅದಕ್ಕಾಗಿ. ಮೂರ್ಛೆ ನಿಂತಿತಲ್ಲಾ ಎಂದು ಎರಡನೆಯ ಚಿತ್ರವನ್ನು ತೆಗೆಸದೆ ಬಿಟ್ಟವರ ನಿದಾನವು ಅರ್ಧಕ್ಕೆ ನಿಂತಂತೆಯೇ ಸರಿ.

ಚಿಕಿತ್ಸೆಯು ವೈದ್ಯರ ಕೆಲಸ. ಒಂದು ಎಚ್ಚರಿಕೆಯನ್ನು ಮಾತ್ರ ಹೇಳುವೆವು. ಜಂತುಹುಳುವಿಗೆ ಕೊಡುವ ಆಲ್ಬೆಂಡಜೋಲ್ ಎಂಬ ಮಾತ್ರೆಯೇ ಇದಕ್ಕೂ ಉಪಯೋಗವಾಗುವುದೆಂದು ಕೇಳಿ, ತಾವೇ ಅಂಗಡಿಯಿಂದ ತಂದು ನುಂಗಿಸುವವರುಂಟು. ಹುಳು ಒಮ್ಮೆಲೇ ಸತ್ತರೆ ಬಾವು ಏರುತ್ತದೆ. ಗುಳ್ಳೆಗಳು ಬಹಳವಿದ್ದು ಮೆದುಳು ಊದಿಕೊಂಡಿದ್ದರೆ, ಅಥವಾ ಕಣ್ಣಿನೊಳಗೆ ಗುಳ್ಳೆಯಿದ್ದರೆ, ಆ ಮಾತ್ರೆಯೇ ಮೃತ್ಯುವಾಗಬಹುದು, ದೃಷ್ಟಿಯನ್ನು ಕಳೆಯಬಹುದು. ಕಣ್ಣನ್ನು ಪರೀಕ್ಷಿಸಿ, ಬಾವನ್ನು ತಗ್ಗಿಸುವ ಔಷಧವನ್ನು ಜೊತೆಗಿಟ್ಟು, ವೈದ್ಯರು ನೋಡಿ ಕೊಡತಕ್ಕ ಮದ್ದು ಅದು.

ಇನ್ನು ಮನೆಯವರು ಮಾಡತಕ್ಕದ್ದೇನು? ವೈದ್ಯರು ಮೂರ್ಛೆಯನ್ನು ಕಣ್ಣಾರೆ ಕಾಣುವುದು ಅಪೂರ್ವ, ಕಂಡವರು ನಾವು. ಯಾವ ಕೈ ಮೊದಲು ಅದುರಿತು, ಮುಖವು ಯಾವ ಕಡೆಗೆ ತಿರುಗಿತು, ಎಷ್ಟು ನಿಮಿಷ, ಎಚ್ಚತ್ತ ಮೇಲೆ ಮಾತು ಬಂದಿತೋ ಇಲ್ಲವೋ, ಇವನ್ನು ನೆನಪಿಟ್ಟು ಹೇಳಿದರೆ ಅದೇ ದೊಡ್ಡ ಸಾಕ್ಷ್ಯ. ಈಗ ಎಲ್ಲರ ಕೈಯಲ್ಲಿಯೂ ಮೊಬೈಲಿರುವಾಗ ಒಬ್ಬರು ರೋಗಿಯನ್ನು ಮಗ್ಗುಲಿಗೆ ಹೊರಳಿಸಿ ತಲೆಯ ಕೆಳಗೆ ಮೆತ್ತನೆಯದನ್ನಿಡಲಿ, ಇನ್ನೊಬ್ಬರು ವೈದ್ಯರಿಗೆ ತೋರಿಸಲೋಸ್ಕರ ಚಿತ್ರ ಹಿಡಿಯಲಿ. ಬೀಗದ ಕೈ, ಈರುಳ್ಳಿ, ಚಪ್ಪಲಿ ಇವುಗಳಿಂದ ಮೂರ್ಛೆಯು ನಿಲ್ಲದು. ತಾನಾಗಿ ನಿಲ್ಲುವುದಕ್ಕೆ ಇವಕ್ಕೆ ಕೀರ್ತಿ. ಬಾಯೊಳಗೆ ಏನನ್ನೂ ಹಾಕಕೂಡದು. ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಮೂರ್ಛೆಗಳೆಲ್ಲ ಕ್ರಿಮಿಯಿಂದಲೇ ಅಲ್ಲವೆಂಬುದನ್ನೂ ನೆನಪಿಡಬೇಕು. ತಲೆಗೆ ಬಿಸಿನೀರು ಹೊಯ್ದುಕೊಂಡಾಗ ಬರುವ ಒಂದು ಬಗೆಯ ಮೂರ್ಛೆಯು ನಮ್ಮ ಕರ್ನಾಟಕದಲ್ಲಿ ವಿಶೇಷವಾಗಿ ಕಾಣುವಂಥದು. ಅಂಥ ಸಂದರ್ಭವಿದ್ದರೆ ಅದನ್ನು ಹೇಳಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯವರು ಬೆಂಗಳೂರಿನ ಪಟ್ಟಣ ಮತ್ತು ಹಳ್ಳಿಗಳಲ್ಲಿ ೧,೦೨,೫೫೭ ಜನರನ್ನು ಮನೆಮನೆಗೆ ಹೋಗಿ ವಿಚಾರಿಸಿ ೨೦೦೪ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಮೂರ್ಛೆರೋಗವು ಪಟ್ಟಣದಲ್ಲಿ ಸಾವಿರಕ್ಕೆ ೫.೭, ಹಳ್ಳಿಗಳಲ್ಲಿ ಸಾವಿರಕ್ಕೆ ೧೧.೯; ಎರಡರಷ್ಟು! ಇದಕ್ಕೆಲ್ಲ ಹುಳುವೇ ಕಾರಣವೆಂದು ನಾವು ಹೇಳುವುದಿಲ್ಲ. ಅಷ್ಟು ಮನೆಗಳಲ್ಲಿರುವ ರೋಗವನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲವೆಂದು ಮಾತ್ರ ಹೇಳುತ್ತೇವೆ. ಇಲೆಕ್ಟ್ರಾನಿಕ್ ಸಿಟಿಯ ಕಡೆಯವರಿಗೆ ನಿಮ್ಹಾನ್ಸ್ ಅದೇ ರಸ್ತೆಯಲ್ಲಿದೆ; ನಮ್ಮ ವೈಟ್‌ಫೀಲ್ಡಿನ ಕಡೆ ೨೦೦೧ರಲ್ಲಿ ಪ್ರಾರಂಭವಾದ ಸತ್ಯಸಾಯಿ ಆಸ್ಪತ್ರೆಯಲ್ಲಿ ನರಗಳ ವಿಭಾಗವುಂಟು.

ಮುಚ್ಚಿಡುವ ಮಾತು ಬಂದುದಕ್ಕೆ ಕಾರಣವಿದೆ. ಹುಡುಗನ ಅಕ್ಕನಿಗೆ ಆಗ ಗಂಡು ನೋಡುತ್ತಿದ್ದರು. ಬೀಗರಾಗತಕ್ಕವರು ಮನೆಗೆ ಬರುವ ವಾರ, ಗೂಡಿನಲ್ಲಿದ್ದ ಮಾತ್ರೆಯ ಡಬ್ಬಿಯನ್ನು ತಂದೆಯು ಎತ್ತಿ ಅಟ್ಟಕ್ಕೆ ಹಾಕಿದನು. ರಕ್ತಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದಿದೆಯಲ್ಲಾ ಎಂಬ ಧೈರ್ಯ ಬೇರೆ. ಹುಡುಗನು ಕೇಳಲಿಲ್ಲ. ಹದಿನೊಂದನೆಯ ದಿನ ದಾಸರಹಳ್ಳಿಯ ಮೆಟ್ಟಿಲಮೇಲೆ ಎರಡನೆಯ ಸಲ ಬಿದ್ದನು. ಹುಬ್ಬಿನ ಮೇಲೆ ಏಳು ಹೊಲಿಗೆ. ಮೂರ್ಛೆಯ ಔಷಧವನ್ನು ಹಠಾತ್ತಾಗಿ ನಿಲ್ಲಿಸುವುದು ಮೂರ್ಛೆಯನ್ನು ಕರೆದಂತೆ ಎಂಬುದನ್ನು ವೈದ್ಯರು ಆಗ ತಂದೆಗೆ ಬಿಡಿಸಿ ಹೇಳಿದರು. ನಮಗೆ ತಿಳಿದ ಇನ್ನೊಂದು ಸಂಗತಿಯನ್ನು ನಾವು ಹೇಳಿದೆವು: ಹಿಂದೂ ವಿವಾಹ ಕಾನೂನಿನಲ್ಲಿ ಮೂರ್ಛೆರೋಗವನ್ನು ವಿವಾಹಕ್ಕೆ ಅಡ್ಡಿಯೆಂದು ಹೇಳಿದ್ದ ಮಾತನ್ನು ೧೯೯೯ರಲ್ಲಿ ತೆಗೆದುಹಾಕಲಾಗಿದೆ. ಅದು ರೋಗಿಗೇ ಅಡ್ಡಿಯಲ್ಲದಿರುವಾಗ ರೋಗಿಯ ಅಕ್ಕನಿಗೆ ಹೇಗೆ ಅಡ್ಡಿಯಾದೀತು? ಆ ಸಂಬಂಧವು ತಪ್ಪಿಹೋಯಿತು, ಆದರೆ ಚಿನ್ನದ ವಿಚಾರವಾಗಿ.

ಆ ಎರಡನೆಯ ಭೇಟಿಯಲ್ಲಿ ವೈದ್ಯೆಯೊಬ್ಬರು ಕೇಳಿದ ಪ್ರಶ್ನೆ ನಮಗೆ ಮರೆಯದು. ಏನು ತಿಂದೆ ಎಂದು ಅವರು ಕೇಳಲಿಲ್ಲ, "ನಿಮ್ಮ ಕೊಠಡಿಯಲ್ಲಿ ಅಡುಗೆ ಯಾರು ಮಾಡ್ತಾರೆ? ಕಕ್ಕಸು ಎಷ್ಟು ಜನಕ್ಕೆ? ಯಾರಿಗಾದರೂ ಮಲದಲ್ಲಿ ಬಿಳಿ ಪಟ್ಟಿಯ ಹಾಗೆ ಏನಾದರೂ ಹೋಗಿದೆಯಾ?" ಎಂದು ಕೇಳಿದರು. ಇದು ನಿದಾನದ ಉತ್ತರಾರ್ಧ. ಮೊಟ್ಟೆಯನ್ನು ಚೆಲ್ಲುತ್ತಿರುವ ಹುಳು ಹತ್ತಿರದಲ್ಲಿ ಯಾರದೋ ಕರುಳಿನಲ್ಲಿ ಇನ್ನೂ ಇದ್ದರೆ, ಆ ಮನುಷ್ಯನನ್ನು ಗುಣಪಡಿಸದೆ ಈ ರೋಗಿಯೊಬ್ಬನನ್ನೇ ಗುಣಪಡಿಸಿ ಪ್ರಯೋಜನವಿಲ್ಲ. ಐವರೂ ಮಲಪರೀಕ್ಷೆ ಮಾಡಿಸಿಕೊಂಡರು, ನಕ್ಕುಕೊಂಡೇ. ಕಾಡುಗೋಡಿಯ ಮನೆಯವರೂ ಮಾಡಿಸಿಕೊಂಡರು, ನಗದೆ. ಯಾರಲ್ಲಿಯೂ ಸಿಕ್ಕಲಿಲ್ಲ. ವರ್ಷಗಳ ಹಿಂದಿನ ಒಂದು ತುತ್ತಿನ ಜಾಡನ್ನು ಹಿಡಿಯುವುದು ಹೆಚ್ಚಿನ ಪಾಲು ಸಾಧ್ಯವಾಗುವುದಿಲ್ಲವೆಂದು ಅವರು ಹೇಳಿದರು.

ಇಷ್ಟಾದ ಮೇಲೂ ನಮ್ಮ ಬೀದಿಯಲ್ಲಿ ಜನರು ಜಾಡನ್ನು ಹಿಡಿದೇ ಬಿಟ್ಟರು: ಕಟ್ಟಡದ ಕೆಲಸಕ್ಕೆ ಹೊರರಾಜ್ಯಗಳಿಂದ ಬಂದವರಿಂದಲೇ ಎಂದು. ಈ ಮಾತಿನಲ್ಲಿ ನಮಗೆ ನ್ಯಾಯ ಕಾಣದು. ಮೂವತ್ತು ಅಂತಸ್ತಿನ ಮನೆಯನ್ನು ಕಟ್ಟುವವನಿಗೆ ತಗಡಿನ ಗುಡಿಸಲ ಸಾಲಿನಲ್ಲಿ ಸರಿಯಾದ ಒಂದು ಕಕ್ಕಸನ್ನು ಕಟ್ಟಿಕೊಡದೆ, ಅವನು ಬಯಲಿಗೆ ಹೋದನೆಂದು ದೂರುವುದೇ? ಖಾಲಿ ನಿವೇಶನಗಳಲ್ಲಿ ಅಲೆಯುವ ಹಂದಿಗಳು ಆ ಬಯಲಿನಲ್ಲಿಯೇ ಮೇಯುತ್ತವೆ. ಕ್ರಿಮಿಯ ಚಕ್ರವು ಅಲ್ಲಿ ಪೂರ್ಣವಾಗುತ್ತದೆ. ವರ್ತೂರು ಕೆರೆಗೆ ಊರಿನ ಕೊಳಚೆಯೆಲ್ಲ ಎಷ್ಟೋ ವರ್ಷ ಹರಿದುದನ್ನು ನಾವೇ ಕಂಡಿದ್ದೇವೆ. ಪೀಣ್ಯದ ಕಡೆಯ ಕೊಳಚೆಯು ವೃಷಭಾವತಿಯನ್ನು ಸೇರಿ ಬೈರಮಂಗಲದ ಕೆರೆಗೆ ಹೋಗುತ್ತದೆ. ಆ ನೀರಿನಿಂದ ಪೈರು ಬೆಳೆದಿದೆ. ಹಂದಿಗಳಿಗೆ ಈ ಹುಳು ಹತ್ತದಂತೆ ಚುಚ್ಚುವ ಲಸಿಕೆಯನ್ನು ನಮ್ಮ ನೆರೆಯ ಹೈದರಾಬಾದಿನಲ್ಲಿಯೇ ತಯಾರಿಸಿದ್ದಾರೆ. ಆದರೆ ಒಡೆಯನಿಲ್ಲದೆ ಅಲೆಯುವ ಹಂದಿಗೆ ಚುಚ್ಚುವವರು ಯಾರು?

ಮಾಘಮಾಸದಲ್ಲಿ ಎರಡನೆಯ ಚಿತ್ರವನ್ನು ತೆಗೆಸಿದರು. ಬಳೆಯೂ ಬಾವೂ ಹೋಗಿದ್ದವು. ಉಳಿದುದು ಸಾಸಿವೆಕಾಳಿಗಿಂತ ಚಿಕ್ಕದಾದ ಬಿಳಿಯ ಸುಣ್ಣದ ಬೊಟ್ಟು. ಹೀಗೆ ಹರಳು ಉಳಿದವರಲ್ಲಿ ಮೂರ್ಛೆಯು ಮರುಕಳಿಸುವ ಸಂಭವವು ಪೂರ್ತಿ ಕರಗಿದವರಿಗಿಂತ ಹೆಚ್ಚಾದುದರಿಂದ ಔಷಧವನ್ನು ಇನ್ನೂ ಮುಂದುವರಿಸಬೇಕಾಗಿದೆ. ಕಾರ್ಖಾನೆಯವರು ಅವನನ್ನು ಲೇತಿನ ಮುಂದೆ ನಿಲ್ಲಿಸದೆ, ತಯಾರಾದ ಭಾಗಗಳನ್ನು ಅಳೆದು ನೋಡುವ ಮೇಜಿಗೆ ಹಾಕಿದ್ದಾರೆ. ಬೈಕನ್ನು ತಮ್ಮನಿಗೆ ಕೊಟ್ಟಿದ್ದಾನೆ.

ಯುಗಾದಿಗೆ ನಮಸ್ಕಾರ ಮಾಡಲು ಬಂದಾಗ ಹುಡುಗನು, ನಾವು ಕೇಳದೆಯೇ, "ತಿಂದಿದ್ದೆ ಮೇಷ್ಟ್ರೇ, ಒಂದೇ ಸಲ, ಮಡಿಕೇರಿಯ ಸ್ನೇಹಿತನ ಮನೆಯಲ್ಲಿ, ಅವರ ಹಬ್ಬದಲ್ಲಿ. ಅದರಿಂದಲೇ ಬಂತು ಅಂದುಕೊಂಡು ಅಷ್ಟು ದಿನ ಬಾಯಿಬಿಡಲಿಲ್ಲ. ಮಾತ್ರೆ ತೆಗೆದಿಟ್ಟಾಗಲೂ ನನಗಾಗಬೇಕಾದದ್ದೇ ಅನ್ನಿಸಿತು" ಎಂದನು. ವೈದ್ಯೆಗೆ ಅವನು ಇದನ್ನು ಹೇಳಿದಾಗ, ಗಂಟೆಗಟ್ಟಲೆ ಬೆಂದ ಪಂದಿಕರಿಯಲ್ಲಿ ಆ ಗುಳ್ಳೆ ಬದುಕುವುದಿಲ್ಲ, ನಿನ್ನ ಮಲಪರೀಕ್ಷೆಯಲ್ಲಿಯೂ ಹುಳುವಿಲ್ಲ ಎಂದು ಅವರು ನಕ್ಕುಬಿಟ್ಟರಂತೆ. ತಾಯಿಗೂ ಅವನೇ ಹೇಳಿದ್ದಾನೆ. ಆಕೆ ಒಂದು ದಿನ ಮಾತನಾಡಲಿಲ್ಲವಂತೆ, ಮರುದಿನ ಬಡಿಸುತ್ತ, "ಅವರ ಮನೇಲಿ ಚೆನ್ನಾಗಿ ಬೇಯಿಸಿದ್ದರೇನೋ?" ಎಂದು ಕೇಳಿದಳಂತೆ.

ಮುಂದಿನ ಚಿತ್ರವು ಕಾರ್ತೀಕದಲ್ಲಿ. ಉಪ್ಪಿನಕಾಯಿಯ ವಿಚಾರವನ್ನು ಬರುವ ತಿಂಗಳು ಬರೆಯುವೆವು.